ಪಂಕ್ ರಾಕ್ ಕೆಲವರಿಗೆ ಪ್ರಾಣ, ಕೆಲವರಿಗೆ ತಲೆನೋವು ಏಕೆ? ಕೇಳಿದವರ ಅನುಭವಗಳು

ಪ್ರಶ್ನೆ, ಮೈಸೂರಿನಿಂದ

ಕಾಲೇಜು ದಿನಗಳಿಂದ ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಲೆಡ್ ಝೆಪ್ಪೆಲಿನ್ ಕೇಳಿಕೊಂಡು ಬಂದವನು ನಾನು. ಮನೆಯಲ್ಲಿ ತಂದೆಯವರ ಕಾಲದಿಂದ ಹಿಂದೂಸ್ತಾನಿಯೂ ಇದೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಹಾಕಿದರೆ ಊಟ ತಡವಾದರೂ ಯಾರೂ ಏಳುವುದಿಲ್ಲ. ಈಗ ಮಗಳಿಗೆ ಹತ್ತೊಂಬತ್ತು. ಈಚೆಗೆ ಅವಳ ಕೋಣೆಯಿಂದ ಬರುವುದೆಲ್ಲ ಪಂಕ್, ಎಪ್ಪತ್ತರ ದಶಕದಲ್ಲಿ ಎದ್ದ ಆ ಒರಟು, ಅಬ್ಬರದ ರಾಕ್. ರಮೋನ್ಸ್, ಸೆಕ್ಸ್ ಪಿಸ್ಟಲ್ಸ್, ಇನ್ನೂ ಯಾರು ಯಾರೋ. ನನಗೆ ಎಲ್ಲ ಹಾಡೂ ಒಂದೇ ಹಾಡಿನಂತೆ ಕೇಳಿಸುತ್ತದೆ. ನಾನೇನೂ ಗದರಿಸಿಲ್ಲ, ಬಾಗಿಲು ಹಾಕಿಕೋ ಎಂದೂ ಹೇಳಿಲ್ಲ. ಆದರೆ ಇಷ್ಟು ವರ್ಷ ಸಂಗೀತವನ್ನೇ ನೆಚ್ಚಿಕೊಂಡು ಬಂದ ನನಗೆ ದಕ್ಕದ್ದು ಅವಳಿಗೆ ಇಷ್ಟು ಸಲೀಸಾಗಿ ದಕ್ಕುವುದು ಹೇಗೆ? ಇಷ್ಟಪಟ್ಟವರು, ಇಷ್ಟಪಡದವರು ಇಬ್ಬರೂ ತಮ್ಮ ಅನುಭವ ಹೇಳಿ. ಎಲ್ಲಿಂದ ಕೇಳಲು ತೊಡಗಬೇಕು? ಅಥವಾ ನನ್ನ ಪಾಡಿಗೆ ನಾನು ಇದ್ದುಬಿಡಲೇ?

ಹಳೆಕ್ಯಾಸೆಟ್

ಇದ್ದುಬಿಡಿ ಸ್ವಾಮಿ. ನನಗೆ ಪಂಕ್ ಮೊದಲಿನಿಂದಲೂ ಆಗುವುದಿಲ್ಲ, ಅದಕ್ಕೆ ಸಂಕೋಚವೂ ಇಲ್ಲ. ಹಾಡು ಎಂದರೆ ಎಲ್ಲಿಂದಲೋ ಹೊರಟು ಎಲ್ಲಿಗೋ ಮುಟ್ಟಬೇಕು. ನಡುವೆ ಒಂದು ತಿರುವು, ಕಾದು ಕಾದು ಕೊನೆಗೆ ಬರುವ ಒಂದು ಸ್ವರ ಇರಬೇಕು. ಪಂಕ್ ಹಾಡು ಹೊರಟ ಜಾಗದಲ್ಲೇ ನಿಂತು ಕೂಗಾಡಿ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಲ್ಲದೆ, ನುಡಿಸಲು ಬಾರದಿರುವುದನ್ನೇ ಹೆಗ್ಗಳಿಕೆ ಎಂದು ಹೇಳಿಕೊಂಡ ಸಂಗೀತ ಜಗತ್ತಿನಲ್ಲಿ ಇನ್ನೊಂದು ಇದೆಯೇ? 1977ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ಪುಟ್ಟ ಪಂಕ್ ಪತ್ರಿಕೆ ಗಿಟಾರಿನ ಮೂರು ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಚಿತ್ರ ಬರೆದು, ಇಷ್ಟು ಸಾಕು, ಇನ್ನು ತಂಡ ಕಟ್ಟಿ ಎಂಬ ಅರ್ಥದ ಮಾತು ಅಚ್ಚು ಹಾಕಿತ್ತು. ಅವರ ಮಾತನ್ನು ಅವರೇ ಹೇಳಿದಂತೆ ನಂಬಿ ನಾನು ದೂರ ಉಳಿದಿದ್ದೇನೆ. ಬಾರದವರು ಬಾರಿಸಿದ್ದನ್ನು ಕೇಳುತ್ತ ಕೂರಲು ಆಯುಷ್ಯ ಸಾಲದು.

ಮೂರನೇತಂತಿ

ಗಿಟಾರ್ ಕಲಿಸುವವನಾಗಿ ಹಳೆಕ್ಯಾಸೆಟ್ ಅವರಿಗೆ ಉತ್ತರ ಹೇಳುತ್ತೇನೆ. ಬಾರದವರು ಎನ್ನುವುದು ಅರ್ಧ ನಿಜ.

ರಮೋನ್ಸ್ ತಂಡದ ಜಾನಿ ರಮೋನ್ ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಮೀಟುತ್ತಿದ್ದ. ವೇಗ ಹೆಚ್ಚಿದಾಗ ನಾವೆಲ್ಲ ಕೆಳಕ್ಕೊಂದು ಮೇಲಕ್ಕೊಂದು ಮೀಟಿ ಕೈಗೆ ಬಿಡುವು ಕೊಟ್ಟುಕೊಳ್ಳುತ್ತೇವೆ. ಅವನು ಕೊಟ್ಟುಕೊಳ್ಳಲಿಲ್ಲ. ನಿಮಿಷಕ್ಕೆ 180 ಬಡಿತದ ಹಾಡಿನಲ್ಲಿ ಬಡಿತಕ್ಕೆ ಎರಡು ಮೀಟು ಎಂದರೆ ಸೆಕೆಂಡಿಗೆ ಆರು, ಆರೂ ಕೆಳಮುಖ. ಮೇಲ್ಮೀಟು ಮೊದಲು ಸಣ್ಣ ತಂತಿಗೆ ತಾಗುವುದರಿಂದ ಯಾವಾಗಲೂ ಕೊಂಚ ತೆಳು. ಕೆಳಮೀಟು ದಪ್ಪ ತಂತಿಯ ಮೇಲೆ ಮೊದಲು ಬೀಳುತ್ತದೆ. ಎಲ್ಲವೂ ಕೆಳಮೀಟಾದಾಗ ಪ್ರತಿ ಪೆಟ್ಟಿಗೂ ಒಂದೇ ತೂಕ ಬಂದು, ಎಲ್ಲಿಯೂ ಬಿರುಕಿಲ್ಲದ ಆ ನಾದ ಹುಟ್ಟುತ್ತದೆ. ನನ್ನ ಬಳಿ ಬರುವ ಹುಡುಗರಲ್ಲಿ ಮೆಟಲ್ ಎಂಬ ಭಾರವಾದ ರಾಕ್‌ನ ಕಠಿಣ ಸೋಲೋ (ಒಂಟಿ ಗಿಟಾರ್ ವಾದನ) ಸರಾಗವಾಗಿ ನುಡಿಸುವವರೂ ಇದನ್ನು ಎರಡು ನಿಮಿಷ ಪೂರ್ತಿ ಮಾಡಲಾರದೆ ಮುಂಗೈ ಹಿಡಿದುಕೊಂಡು ಕೂರುತ್ತಾರೆ. ಮೊದಲ ಚರಣ ಚೆನ್ನಾಗಿಯೇ ಹೋಗುತ್ತದೆ. ಎರಡನೆಯ ಚರಣದ ಹೊತ್ತಿಗೆ ಮಣಿಕಟ್ಟು ಬಿಗಿದು, ಅವರಿಗೇ ತಿಳಿಯದಂತೆ ಒಂದು ಮೇಲ್ಮೀಟು ನುಸುಳುತ್ತದೆ. ಹಾಡು ಅಲ್ಲೇ ಸಡಿಲ ಬೀಳುತ್ತದೆ.

ಇನ್ನು ಮೈಸೂರಿನವರಿಗೆ, ಮನೆಯಲ್ಲಿ ತಂಬೂರಿ ಕೇಳಿ ಬೆಳೆದವರು ಎಂಬ ಕಾರಣಕ್ಕೆ ಒಂದು ಮಾತು. ಬಹಳಷ್ಟು ಪಂಕ್ ಗಿಟಾರಿನಲ್ಲಿ ಗಾಂಧಾರವೇ ಇರುವುದಿಲ್ಲ. ಷಡ್ಜ, ಪಂಚಮ, ಅದರ ಮೇಲೆ ಮತ್ತೆ ಷಡ್ಜ, ಅಷ್ಟೇ. ಪವರ್ ಕಾರ್ಡ್ ಎನ್ನುವುದು ಇದನ್ನೇ. (ಜಾನಿ ರಮೋನ್ ಮಾತ್ರ ಹೆಚ್ಚಾಗಿ ಪೂರ್ತಿ ಕಾರ್ಡ್ ಹಿಡಿಯುತ್ತಿದ್ದ, ಆ ಮಾತು ಬೇರೆ.) ಗಾಂಧಾರ ಬಿಟ್ಟದ್ದು ಸೋಮಾರಿತನದಿಂದಲ್ಲ. ಆಂಪ್ಲಿಫೈಯರನ್ನು ನಾದ ಒಡೆಯುವ ತನಕ ಏರಿಸಿದಾಗ, ಒಟ್ಟಿಗೆ ಬಂದ ಸ್ವರಗಳ ಕಂಪನಗಳನ್ನು ಅದು ಕೂಡಿ ಕಳೆದು ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಷಡ್ಜ ಪಂಚಮಗಳ ಅನುಪಾತ 2:3 ಆದ್ದರಿಂದ ಅವುಗಳ ವ್ಯತ್ಯಾಸವಾಗಿ ಹುಟ್ಟುವುದು ಕೆಳಸ್ಥಾಯಿಯ ಷಡ್ಜ, ನಾದ ಇನ್ನಷ್ಟು ದಪ್ಪವಾಗುತ್ತದೆ. ಗಾಂಧಾರ ಸೇರಿಸಿದಿರೋ, ಗಿಟಾರಿನ ಮೆಟ್ಟುಗಳಲ್ಲಿ ಸಿಗುವ ಗಾಂಧಾರ ಶುದ್ಧ ಅನುಪಾತಕ್ಕಿಂತ ತುಸು ಏರಿರುವುದರಿಂದ ಎಲ್ಲ ಕಲಸಿ ರಾಡಿಯಾಗುತ್ತದೆ.

ಗಾಂಧಾರ ಹೋದ ಮೇಲೆ ಹಾಡು ಉಲ್ಲಾಸದ್ದೋ ದುಃಖದ್ದೋ ಎಂದು ಗಿಟಾರ್ ಹೇಳುವುದಿಲ್ಲ. ಹೇಳುವ ಹೊಣೆಯೆಲ್ಲ ಹಾಡುವವರ ಗಂಟಲ ಮೇಲೆ ಬೀಳುತ್ತದೆ. ನಿಮಗೆ ಎಲ್ಲ ಹಾಡೂ ಒಂದೇ ಎನಿಸಲು ಇದೊಂದು ಕಾರಣ ಇರಬಹುದು. ಬಣ್ಣ ಕೊಡುವ ಸ್ವರವನ್ನು ನಿಮ್ಮ ಕಿವಿ ವಾದ್ಯದಲ್ಲಿ ಹುಡುಕುತ್ತಿದೆ, ಅದು ಅಲ್ಲಿಲ್ಲ. ಕಂಠದಲ್ಲಿ ಹುಡುಕಿ ನೋಡಿ.

ಕೊನೆಯದಾಗಿ, ಪಂಕ್‌ನಲ್ಲಿ ಹಾಸ್ಯ ಎಷ್ಟಿದೆ ಎನ್ನುವುದು ಅದನ್ನು ಇಷ್ಟಪಡದವರಿಗೆ ಹೊಳೆಯುವುದೇ ಇಲ್ಲ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 1977ರ ಆರಂಭದಲ್ಲಿ ಸಾಲದ ಹಣದಿಂದ ತಾನೇ ಹೊರತಂದ ಮೊದಲ ಮುದ್ರಿಕೆಯಲ್ಲಿ ಬೇಸರವನ್ನು ಕುರಿತ ಒಂದು ಹಾಡಿದೆ. ಅದರ ಗಿಟಾರ್ ಸೋಲೋದಲ್ಲಿರುವುದು ಎರಡೇ ಸ್ವರ, ಅದೇ ಎರಡು ಮತ್ತೆ ಮತ್ತೆ. ಹತ್ತು ನಿಮಿಷದ ಸೋಲೋಗಳ ಕಾಲ ಅದು. ಗೇಲಿ ಅರ್ಥವಾದವರು ನಗುತ್ತಾರೆ. ಅರ್ಥವಾಗದವರು ಪಾಪ, ಇವನಿಗೆ ಮೂರನೆಯ ಸ್ವರ ಗೊತ್ತಿಲ್ಲ ಎಂದುಕೊಳ್ಳುತ್ತಾರೆ.

ಅರಮನೆಮೈದಾನ

ಬೆಂಗಳೂರು ಮೆಟಲ್ ಊರು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗಲೂ 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದಾಗಲೂ ನಾನು ಅಲ್ಲಿದ್ದೆ. ಕ್ರಿಪ್ಟೋಸ್‌ನಂಥ ನಮ್ಮೂರಿನ ಮೆಟಲ್ ತಂಡ 1998ರಿಂದ ನಡೆದು ಬಂದಿದೆ. ಅದೇ, ಇಲ್ಲಿನ ಪಂಕ್ ತಂಡ ಯಾವುದಾದರೂ ಹೇಳಿ ಎಂದರೆ ನನ್ನ ಗೆಳೆಯರೆಲ್ಲ ಆಕಾಶ ನೋಡುತ್ತಾರೆ. ಬ್ರಿಗೇಡ್ ರಸ್ತೆಯಲ್ಲಿ ರಮೋನ್ಸ್ ಮುದ್ರೆಯ ಟೀ ಶರ್ಟ್ ತೊಟ್ಟವರು ಬೇಕಾದಷ್ಟು ಸಿಗುತ್ತಾರೆ. ಅವರಲ್ಲಿ ಒಬ್ಬನನ್ನು ಯಾವ ಹಾಡು ಇಷ್ಟ ಎಂದು ಕೇಳಿದರೆ, ಇದು ಬಟ್ಟೆ ಕಂಪನಿಯಲ್ಲವೇ ಎಂದ.

ಏಕೆ ಹೀಗೆ ಎಂದು ಯೋಚಿಸಿದ್ದೇನೆ. ನಮ್ಮಲ್ಲಿ ಸಂಗೀತ ಎಂದರೆ ಸಾಧನೆ. ಹಾಡುತ್ತೇನೆ ಎಂದವರನ್ನು ಕೇಳುವ ಮೊದಲ ಪ್ರಶ್ನೆ, ಯಾರ ಬಳಿ ಕಲಿತೆ, ಎಷ್ಟು ವರ್ಷ ಕಲಿತೆ. ಮೆಟಲ್ ಈ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಡಬಲ್ಲದು. ವೇಗ ಇದೆ, ಲೆಕ್ಕ ಇದೆ, ಬೆರಳ ಚಳಕ ಇದೆ. ಮೃದಂಗದ ಕೊರಪು ಲೆಕ್ಕ ಹಾಕಿ ಬೆಳೆದ ಹುಡುಗನಿಗೆ ಮೆಟಲ್‌ನ ಲಯದ ಆಟ ಅಪರಿಚಿತ ಅನಿಸುವುದಿಲ್ಲ. ಪಂಕ್ ಮಾತ್ರ ಆ ಪ್ರಶ್ನೆಯನ್ನೇ ಕೇಳಬೇಡ ಎನ್ನುತ್ತದೆ. ಇನ್ನೊಂದು, ಗಿಟಾರ್ ಕೊಡಿಸಿ ಅಭ್ಯಾಸದ ಕೋಣೆಯ ಬಾಡಿಗೆ ಭರಿಸಬಲ್ಲ ಮನೆಗಳ ಹುಡುಗರೇ ಇಲ್ಲಿ ರಾಕ್ ನುಡಿಸಿದ್ದು. ಅವರ ಎದುರಿಗೆ ಸಾಫ್ಟ್‌ವೇರ್ ಕಂಪನಿಗಳ ಬಾಗಿಲು ತೆರೆದಿತ್ತು. ಭವಿಷ್ಯವೇ ಇಲ್ಲ ಎಂದು ಪಿಸ್ಟಲ್ಸ್‌ನಂತೆ ಅವರು ವೇದಿಕೆಯ ಮೇಲೆ ಕೂಗಿದರೆ ಕೆಳಗೆ ನಿಂತ ನಮಗೇ ನಗು ಬರುತ್ತಿತ್ತು.

ಆದರೂ ಮೆಟಲ್ ಅಭಿಮಾನಿಗಳಿಗೆ ಒಂದು ಚುಚ್ಚುಮಾತು. ಮೆಟಾಲಿಕಾ 1998ರಲ್ಲಿ ಹೊರತಂದ, ಬೇರೆಯವರ ಹಾಡುಗಳ ಆಲ್ಬಂನಲ್ಲಿ ಮಿಸ್‌ಫಿಟ್ಸ್, ಡಿಸ್ಚಾರ್ಜ್, ಆಂಟಿ ನೋವೇರ್ ಲೀಗ್ ಎಲ್ಲ ಇವೆ. ಎಲ್ಲವೂ ಪಂಕ್. ಸ್ಲೇಯರ್ 1996ರಲ್ಲಿ ಬಹುಪಾಲು ಪಂಕ್ ಹಾಡುಗಳದ್ದೇ ಆಲ್ಬಂ ಮಾಡಿತು. ಥ್ರ್ಯಾಶ್ ಎಂಬ ಮೆಟಲ್ ಕವಲಿನ ವೇಗ ಬಂದದ್ದೇ ಅಲ್ಲಿಂದ. ಪಂಕ್ ನನಗಾಗದು ಎನ್ನುವ ಮೆಟಲ್ ಅಭಿಮಾನಿ ಅರ್ಧ ಪಂಕ್ ಈಗಾಗಲೇ ನುಂಗಿ ಜೀರ್ಣಿಸಿಕೊಂಡಿರುತ್ತಾನೆ.

ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಪಂಕ್ ಹಾಡು ಬಹಳ ಚೆಂದ, ಎರಡು ಚೆಂದ, ಮೂರನೆಯದಕ್ಕೆ ಸಾಕು.

ಲೀಡ್ಸ್‌ನಿಂದ

ಶಿವಮೊಗ್ಗದವಳು, ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿದ್ದೇನೆ. ನನಗೆ ಪಂಕ್ ಇಷ್ಟ. ಆದರೆ ಹಿಡಿಸಿದ್ದು ಮೊಬೈಲಿನಲ್ಲಿ ಕೇಳಿ ಅಲ್ಲ.

ಮೊದಲು, ಇದು ಯಾವುದಕ್ಕೆ ಎದುರುತ್ತರ ಎಂದು ತಿಳಿದರೆ ಮೈಸೂರಿನವರಿಗೆ ಸಹಾಯವಾದೀತು. 1973ರ ಕೊನೆಯಲ್ಲಿ ಯೆಸ್ ಎಂಬ ಇಂಗ್ಲಿಷ್ ತಂಡ ಎರಡು ಎಲ್‌ಪಿಗಳ ಆಲ್ಬಂ ಹೊರತಂದಿತು. ಎಂಬತ್ತು ನಿಮಿಷ, ಹಾಡುಗಳು ನಾಲ್ಕೇ ನಾಲ್ಕು, ಒಂದು ಬದಿಗೆ ಒಂದು. ಅದರ ಮೂಲ ಪ್ರೇರಣೆ ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ! ನುಡಿಸಿದವರು ಅಸಾಧ್ಯ ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಸಿಗದೆ ಅಲೆಯುವ ಹದಿನೆಂಟರ ಹುಡುಗನಿಗೆ ಅಲ್ಲಿ ಜಾಗವೆಲ್ಲಿ? 1976ರ ಬ್ರಿಟನ್ ಐಎಂಎಫ್ ಮುಂದೆ ಸಾಲಕ್ಕೆ ನಿಂತಿದ್ದ ದೇಶ, ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಅದೇ ವರ್ಷ ಅಮೆರಿಕದಿಂದ ರಮೋನ್ಸ್ ತಂಡದ ಮೊದಲ ಆಲ್ಬಂ ಬಂತು. ಹದಿನಾಲ್ಕು ಹಾಡು, ಒಟ್ಟು 29 ನಿಮಿಷ, ಖರ್ಚು ಸುಮಾರು 6,400 ಡಾಲರ್. ಜುಲೈ 4ರಂದು ಅವರು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದರು.

ಅದಕ್ಕೂ ಒಂದು ತಿಂಗಳು ಮೊದಲು, ಜೂನ್ 4ರಂದು, ಸೆಕ್ಸ್ ಪಿಸ್ಟಲ್ಸ್ ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ನುಡಿಸಿದ್ದರು. ಬಂದಿದ್ದವರು ನಲವತ್ತರ ಆಸುಪಾಸು. ಕಾರ್ಯಕ್ರಮ ಏರ್ಪಡಿಸಿದವರೇ ಬಝ್‌ಕಾಕ್ಸ್ ಕಟ್ಟಿದರು. ಪೀಟರ್ ಹುಕ್ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡು, ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆ ಮುಂದೆ ಜಾಯ್ ಡಿವಿಷನ್ ಕಟ್ಟಿದರು. ಮುಂದೆ ದ ಸ್ಮಿತ್ಸ್ ತಂಡದ ಗಾಯಕರಾದ ಮಾರಿಸ್ಸಿಯೂ ಅಲ್ಲಿದ್ದರು. ಅಷ್ಟು ಜನರಿಗೆ ಅಂದು ಕೇಳಿಸಿದ್ದೇನು? ಒಳ್ಳೆಯ ಸಂಗೀತ ಎಂದಲ್ಲ. ಇವರು ಮಾಡಬಹುದಾದರೆ ನಾನೂ ಮಾಡಬಹುದು ಎಂದು. ಪಂಕ್ ಪ್ರೀತಿಸುವವರಿಗೂ ಸಹಿಸದವರಿಗೂ ಇರುವ ಅಂತರ ನನ್ನ ಪ್ರಕಾರ ಇಷ್ಟೇ. ಒಬ್ಬರು ಹಾಡು ಹೇಗೆ ಬೆಳೆಯುತ್ತದೆ ಎಂದು ಕಿವಿ ಕೊಡುತ್ತಾರೆ, ಇನ್ನೊಬ್ಬರು ಹಾಡುತ್ತಿರುವುದು ಯಾರು ಎಂದು. ಇಬ್ಬರೂ ಕೇಳುತ್ತಿರುವುದು ಒಂದೇ ಮುದ್ರಿಕೆಯನ್ನಾದರೂ ಅವರ ನಡುವೆ ಜಗಳ ಮುಗಿಯುವುದಿಲ್ಲ.

ಆ ಯಾರು ಎನ್ನುವುದಕ್ಕೆ ಒಂದು ಉದಾಹರಣೆ ಪಾಲಿ ಸ್ಟೈರೀನ್. ತಂದೆ ಸೊಮಾಲಿಯಾದವರು, ತಾಯಿ ಬಿಳಿಯ ಬ್ರಿಟಿಷ್. ಹಲ್ಲಿಗೆ ತಂತಿ ಕಟ್ಟಿಕೊಂಡೇ ವೇದಿಕೆ ಏರಿ ಹದಿಹರೆಯದಲ್ಲೇ ಎಕ್ಸ್ ರೇ ಸ್ಪೆಕ್ಸ್ ತಂಡ ಕಟ್ಟಿದಳು. ಹಾಡುಗಳೆಲ್ಲ ಪ್ಲಾಸ್ಟಿಕ್, ಜಾಹೀರಾತು, ಅಂಗಡಿಯ ಬದುಕು, ಇವುಗಳ ಗೇಲಿ. ಗಿಟಾರಿನ ಜೊತೆ ಸ್ಯಾಕ್ಸೊಫೋನ್ ಇದೆ. ಧ್ವನಿ ಒರಟು, ಶ್ರುತಿಯ ಅಂಚಿಗೆ ಹೋಗಿ ಹೋಗಿ ಬರುತ್ತದೆ. ಅಂದಿನ ಯಾವ ಕಂಪನಿಯೂ ಹುಡುಕಿಕೊಂಡು ಹೋಗಿ ಹಾಡಿಸುವಂಥ ಹುಡುಗಿಯಲ್ಲ. ಮುಂದೆ ಆಕೆ ಹರೇ ಕೃಷ್ಣ ಪಂಥ ಸೇರಿದರು. ಅಂಗಡಿ ಬದುಕು ಬೇಡ ಎಂದು ಹಾಡಿದವರು ಅಲ್ಲಿಗೆ ಹೋದದ್ದರಲ್ಲಿ ನನಗೇನೂ ವಿಚಿತ್ರ ಕಾಣುವುದಿಲ್ಲ.

ಮತ್ತೆ ಉಚ್ಚಾರ. ಅದುವರೆಗೆ ಇಂಗ್ಲೆಂಡಿನ ರಾಕ್ ಗಾಯಕರಲ್ಲಿ ಬಹಳ ಮಂದಿ ಹಾಡಲು ನಿಂತ ಕೂಡಲೇ ಅಮೆರಿಕದವರಾಗುತ್ತಿದ್ದರು. ಪಂಕ್ ಹುಡುಗರು ತಮ್ಮ ಓಣಿಯ ಉಚ್ಚಾರದಲ್ಲೇ ಹಾಡಿದರು. ಸಿನಿಮಾದಲ್ಲಿ ನಮ್ಮೂರ ಕಡೆಯ ಕನ್ನಡ ನಗಿಸಲು ಮಾತ್ರ ಬರುವುದನ್ನು ನೋಡಿ ಬೆಳೆದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ನನಗೆ ಹಿಡಿಸಿದ ಬಗೆ. ಸಹೋದ್ಯೋಗಿಗಳು ಒಂದು ಸಣ್ಣ ಕ್ಲಬ್ಬಿಗೆ ಕರೆದುಕೊಂಡು ಹೋದರು. ವೇದಿಕೆ ಮೊಣಕಾಲೆತ್ತರ, ಹಾಡುವವಳಿಗೂ ನನಗೂ ಎರಡು ಮಾರು. ಬೇಸ್ ಗಿಟಾರ್ ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಮುಂದೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಬಿದ್ದವರನ್ನು ಅಕ್ಕಪಕ್ಕದ ನಾಲ್ಕು ಕೈ ಕೂಡಲೇ ಎತ್ತಿ ನಿಲ್ಲಿಸುತ್ತಿದ್ದವು. ಯಾರದೋ ಕನ್ನಡಕ ಬಿದ್ದಾಗ ಸುತ್ತಲಿನವರು ಬೆನ್ನು ಕೊಟ್ಟು ಜಾಗ ಮಾಡಿ ಹುಡುಕಿ ಕೊಟ್ಟರು, ಹಾಡು ನಿಂತಿರಲಿಲ್ಲ. ಹಾಡು ಮುಗಿದ ಮೇಲೆ ಹಾಡಿದವಳೇ ಬಾಗಿಲ ಬಳಿ ಮೇಜು ಹಾಕಿಕೊಂಡು ಮುದ್ರಿಕೆ ಮಾರುತ್ತ ಕುಳಿತಿದ್ದಳು. ಮನೆಗೆ ಬಂದು ಅದನ್ನು ಹಾಕಿದರೆ ಆ ರಾತ್ರಿಯ ಕಾಲು ಭಾಗವೂ ಅದರಲ್ಲಿರಲಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಕೇಳಿ ಹಿಡಿಸಲಿಲ್ಲ ಎನ್ನುವವರ ಮೇಲೆ ನನಗೆ ಕೋಪವಿಲ್ಲ.

ಹಳೆಕ್ಯಾಸೆಟ್

ಚೆನ್ನಾಗಿ ಬರೆದಿದ್ದೀರಿ. ಆದರೆ ನೀವೆಲ್ಲ ಚೆಂದದ್ದನ್ನು ಮಾತ್ರ ಆರಿಸಿ ಬಡಿಸುತ್ತಿದ್ದೀರಿ. ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಶಸ್ ಸ್ವಸ್ತಿಕದ ನಾಜಿ ಅಂಗಿ ತೊಟ್ಟು ಬೀದಿಯಲ್ಲಿ ತಿರುಗಿದ್ದು ಯಾವ ಬಂಡಾಯ? ಯಹೂದಿಗಳ ನೋವು ಇವರಿಗೆ ಫ್ಯಾಷನ್ನೇ? ಹಾಡುವವರ ಮೇಲೆ ಉಗುಳುವುದನ್ನೇ ಮೆಚ್ಚುಗೆ ಎಂದುಕೊಂಡ ಪ್ರೇಕ್ಷಕರು! ದ ಕ್ಲ್ಯಾಶ್ ಎಂಬ ಲಂಡನ್ ಪಂಕ್ ತಂಡದ ಗಾಯಕ ಜೋ ಸ್ಟ್ರಮ್ಮರ್‌ಗೆ 1978ರಲ್ಲಿ ಹೆಪಟೈಟಿಸ್ ಬಂದದ್ದು ಆ ಉಗುಳಿನಿಂದಲೇ ಎನ್ನುತ್ತಾರೆ. ಇನ್ನು ಸೆಕ್ಸ್ ಪಿಸ್ಟಲ್ಸ್. ಅವರ ಮ್ಯಾನೇಜರ್ ಮಾಲ್ಕಮ್ ಮೆಕ್ಲಾರೆನ್, ವಿವಿಯನ್ ವೆಸ್ಟ್‌ವುಡ್ ಜೊತೆ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಸೆಕ್ಸ್ ಎಂಬ ಬಟ್ಟೆ ಅಂಗಡಿ ನಡೆಸುತ್ತಿದ್ದ. ತಂಡದ ಹೆಸರಿಗೂ ಆ ಅಂಗಡಿಯ ಹೆಸರಿಗೂ ನಂಟಿದೆ. ಬಟ್ಟೆ ಅಂಗಡಿಯಿಂದ ಹೊರಟ ಬಂಡಾಯವನ್ನು ಬಟ್ಟೆ ಎಂದೇ ತಿಳಿದ ಬ್ರಿಗೇಡ್ ರಸ್ತೆಯ ಹುಡುಗನೇ ನಮ್ಮೆಲ್ಲರಿಗಿಂತ ಜಾಣ.

ಲೀಡ್ಸ್‌ನಿಂದ

ನಾಜಿ ಚಿಹ್ನೆಯ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಹಿರಿಯರನ್ನು ಕೆರಳಿಸಲು ಹಾಕಿಕೊಂಡರು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ.

ಇನ್ನೂ ಒಂದು ಸೇರಿಸುತ್ತೇನೆ. ಲಂಡನ್ನಿನ ಸೌತಾಲ್‌ನಲ್ಲಿ ಬೆಳೆದ ಪಂಜಾಬಿ ಸಹೋದ್ಯೋಗಿಯೊಬ್ಬರಿಗೆ ಪಂಕ್ ಎಂದರೆ ಈಗಲೂ ಮುಖ ಗಂಟಾಗುತ್ತದೆ. 1981ರ ಜುಲೈ 3ರಂದು ಅಲ್ಲಿನ ಹ್ಯಾಂಬ್ರೋ ಟ್ಯಾವರ್ನ್ ಎಂಬ ಪಬ್ಬಿನಲ್ಲಿ ಓಯ್ ಎಂಬ ಪಂಕ್ ಕವಲಿನ ತಂಡಗಳ ಕಾರ್ಯಕ್ರಮವಿತ್ತು. ಹೊರಗಿನಿಂದ ಬಂದ, ತಲೆ ಬೋಳಿಸಿದ ಸ್ಕಿನ್‌ಹೆಡ್‌ಗಳಿಗೂ ಸ್ಥಳೀಯ ಏಷ್ಯನ್ ಯುವಕರಿಗೂ ಹೊಡೆದಾಟವಾಗಿ ಪಬ್ ಸುಟ್ಟುಹೋಯಿತು. ಬೂಟು ಹಾಕಿದ ಗುಂಪು ಬಂದರೆ ಅದರಲ್ಲಿ ಯಾರು ಪಂಕ್, ಯಾರು ಗೂಂಡಾ ಎಂದು ನಿಂತು ವಿಚಾರಿಸಲು ನಮಗೆ ಪುರುಸೊತ್ತಿರಲಿಲ್ಲ, ಓಡುತ್ತಿದ್ದೆವು ಎನ್ನುತ್ತಾರೆ ಅವರು. ಅವರಿಗೆ ನಾನು ಪವರ್ ಕಾರ್ಡ್ ವಿವರಿಸಲು ಹೋಗುವುದಿಲ್ಲ.

ಅದೇ ಪಂಕ್‌ನ ಇನ್ನೊಂದು ಮುಖವೂ ನಿಜ. 1976ರಲ್ಲಿ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬರ್ಮಿಂಗ್‌ಹ್ಯಾಮ್ ವೇದಿಕೆಯಿಂದ ವಲಸಿಗರ ವಿರುದ್ಧ ಮಾತನಾಡಿದ ಮೇಲೆ ರಾಕ್ ಅಗೇನ್ಸ್ಟ್ ರೇಸಿಸಂ ಎಂಬ ಚಳವಳಿ ಹುಟ್ಟಿತು. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ಹೊರಟ ಹತ್ತಾರು ಸಾವಿರ ಜನರ ಮೆರವಣಿಗೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕ್ ಸೇರಿದಾಗ ಅಲ್ಲಿ ನುಡಿಸಿದವರು ದ ಕ್ಲ್ಯಾಶ್, ಎಕ್ಸ್ ರೇ ಸ್ಪೆಕ್ಸ್, ರೆಗೇ (ಜಮೈಕಾದಲ್ಲಿ ಹುಟ್ಟಿದ ಸಂಗೀತ) ನುಡಿಸುವ ತಂಡ ಸ್ಟೀಲ್ ಪಲ್ಸ್. ಅಂದಹಾಗೆ, ನಮ್ಮವರಿಗೆ ಇಷ್ಟವಾಗುವ ಸಂಗತಿ: ಜೋ ಸ್ಟ್ರಮ್ಮರ್ ಅವರ ತಂದೆ ಹುಟ್ಟಿದ್ದು ಲಖನೌದಲ್ಲಿ.

ಮಿಕ್ಸಿಂಗ್‌ಮೇಜು

ಚೆನ್ನೈಯಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತೇನೆ. ಪ್ರಶ್ನೆ ಕೇಳಿದವರು ಪಿಂಕ್ ಫ್ಲಾಯ್ಡ್ ಅಭಿಮಾನಿ ಎಂಬುದನ್ನು ಎಲ್ಲರೂ ಮರೆತಂತಿದೆ. ನೇರ ಅಲ್ಲಿಂದಲೇ ದಾರಿಯಿದೆ.

ಜಾನಿ ರಾಟನ್ ಪಿಸ್ಟಲ್ಸ್‌ಗೆ ಗಾಯಕನಾಗಿ ಆಯ್ಕೆಯಾಗುವ ಹೊತ್ತಿಗೆ ಪಿಂಕ್ ಫ್ಲಾಯ್ಡ್ ಅಂಗಿಯ ಮೇಲೆ, ಇವರನ್ನು ದ್ವೇಷಿಸುತ್ತೇನೆ ಎಂದು ಕೈಯಲ್ಲಿ ಬರೆದುಕೊಂಡು ತಿರುಗುತ್ತಿದ್ದ. ಸರಿ. ಆದರೆ ಪಿಸ್ಟಲ್ಸ್‌ನ 1977ರ ಆಲ್ಬಂ ನಿರ್ಮಿಸಿದವರಲ್ಲಿ ಒಬ್ಬರಾದ ಕ್ರಿಸ್ ಥಾಮಸ್, 1973ರಲ್ಲಿ ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದ ಮೂನ್ ಮಿಕ್ಸಿಂಗಿನ ಮೇಲ್ವಿಚಾರಣೆ ಮಾಡಿದವರೇ. ದ ಡ್ಯಾಮ್ಡ್ ಎಂಬ ಲಂಡನ್ ಪಂಕ್ ತಂಡದ ಎರಡನೆಯ ಆಲ್ಬಂ ನಿರ್ಮಿಸಿದ್ದು ಸ್ವತಃ ಪಿಂಕ್ ಫ್ಲಾಯ್ಡ್‌ನ ಡ್ರಮ್ಮರ್ ನಿಕ್ ಮೇಸನ್. ಆ ಆಲ್ಬಂ ಯಾರಿಗೂ ಅಷ್ಟಾಗಿ ಹಿಡಿಸಲಿಲ್ಲ, ಅದು ಬೇರೆ. ರಾಟನ್ 1977ರಲ್ಲಿ ಲಂಡನ್ನಿನ ಒಂದು ರೇಡಿಯೊ ಕಾರ್ಯಕ್ರಮಕ್ಕೆ ಹೋಗಿ ತನ್ನ ಮೆಚ್ಚಿನ ಮುದ್ರಿಕೆಗಳನ್ನು ಹಾಕಿದಾಗ ಬಂದದ್ದು ರೆಗೇ, ಜರ್ಮನಿಯ ಕ್ಯಾನ್ ತಂಡ, ಇಂಗ್ಲೆಂಡಿನ ಗಾಯಕ ಪೀಟರ್ ಹ್ಯಾಮಿಲ್. ಇವನು ಬರೀ ಮೂರು ಕಾರ್ಡಿನ ಹುಡುಗ ಎಂದುಕೊಂಡಿದ್ದವರು ಬೆಪ್ಪಾದರು. ಅವನ ಮ್ಯಾನೇಜರ್‌ಗೂ ಇದು ರುಚಿಸಲಿಲ್ಲವಂತೆ.

ಇನ್ನು ಕಿವಿಯ ಕೆಲಸ. ಪಿಸ್ಟಲ್ಸ್ ಆಲ್ಬಂ ಹಾಕಿ ಗಿಟಾರ್ ಮಾತ್ರ ಗಮನಿಸಿ. ಒಂದು ಗಿಟಾರ್ ಎನಿಸುವುದು ಹಲವು ಪದರಗಳು, ತಂಡದ ಗಿಟಾರ್ ವಾದಕ ಸ್ಟೀವ್ ಜೋನ್ಸ್ ಅದನ್ನೇ ಮತ್ತೆ ಮತ್ತೆ ನುಡಿಸಿ ಪೇರಿಸಿದ್ದು. ಸಿಡ್ ವಿಶಸ್‌ಗೆ ಬೇಸ್ ಬಾರದ್ದರಿಂದ ಹೆಚ್ಚಿನ ಬೇಸ್ ಕೂಡ ಜೋನ್ಸ್ ಕೈಯದೇ. ಗಿಟಾರೂ ಬೇಸೂ ಒಂದೇ ಕೈಯಿಂದ ಬಂದದ್ದರಿಂದ ಎರಡೂ ಒಂದೇ ಉಸಿರಿನಲ್ಲಿ ಚಲಿಸುತ್ತವೆ. ಇದನ್ನು ಒರಟು ಎನ್ನಿ, ಅಚ್ಚುಕಟ್ಟಿಲ್ಲ ಎನ್ನಬೇಡಿ. ರಮೋನ್ಸ್‌ನ ಮೊದಲ ಆಲ್ಬಂ ಇದಕ್ಕೆ ತದ್ವಿರುದ್ಧ. ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ, ಹಾಡು ನಡುವೆ. 1960ರ ದಶಕದ ಸ್ಟೀರಿಯೊ ಮುದ್ರಿಕೆಗಳ ಕ್ರಮ ಅದು. ಮಗಳ ಕೋಣೆಯ ಬಾಗಿಲಾಚೆ ನಿಂತು ಕೇಳಿದರೆ ಎಲ್ಲ ಕಲಸಿ ಒಂದೇ ಗದ್ದಲವಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಎಡ, ಒಮ್ಮೆ ಬಲ ತೆಗೆದು ನೋಡಿ. ಎರಡು ಪ್ರತ್ಯೇಕ ವಾದ್ಯ, ಪ್ರತ್ಯೇಕ ಕೆಲಸ. ನನ್ನ ಅನುಭವದಲ್ಲಿ, ಎಲ್ಲ ಹಾಡೂ ಒಂದೇ ಎನ್ನುವವರಲ್ಲಿ ಬಹಳ ಮಂದಿ ಕೇಳಿರುವುದು ಬಾಗಿಲಾಚೆಯಿಂದ.

ಧಾರವಾಡದ ಹಾರ್ಮೋನಿಯಂ

ನಾನು ಪಂಕ್ ಕೇಳಿದ್ದು ಬಹಳ ಕಡಿಮೆ. ಇಲ್ಲಿ ಓದಿದ ಮೇಲೆ ನೆನಪಾದದ್ದು ಮಾತ್ರ ಹೇಳುತ್ತೇನೆ. ತಾಳಮಾನ ಅರಿಯೆ, ಲೆಕ್ಕ ಅರಿಯೆ, ಆನು ಒಲಿದಂತೆ ಹಾಡುವೆ ಎಂದ ಬಸವಣ್ಣನವರಿಗೆ ನಾವು ಎದ್ದು ನಮಸ್ಕರಿಸುತ್ತೇವೆ. ಆ ವಚನವನ್ನು ನಾವು ಇಂದು ಕೇಳುವುದೋ, ತಾಳಮಾನವನ್ನು ಅರೆದು ಕುಡಿದ ಗಾಯಕರ ಕಂಠದಲ್ಲಿ, ತಬಲಾ ಸಾಥಿಯೊಂದಿಗೆ. ನಿಜವಾಗಿಯೂ ತಾಳ ತಿಳಿಯದವನೊಬ್ಬ ವೇದಿಕೆ ಹತ್ತಿ ಒಲಿದಂತೆ ಹಾಡಿದರೆ ಮೊದಲು ಎದ್ದು ಹೋಗುವವರು ನಾವೇ. ನಾನೂ ಎದ್ದು ಹೋಗುತ್ತೇನೆ, ಕಿವಿ ಕೇಳುವುದಿಲ್ಲ, ಏನು ಮಾಡಲಿ.

ಹಳೆಕ್ಯಾಸೆಟ್

ಬಸವಣ್ಣ ಹಾಡಿದ್ದು ಕೂಡಲಸಂಗಮದೇವನಿಗೆ, ರೆಕಾರ್ಡ್ ಕಂಪನಿಗೆ ಅಲ್ಲ.

ಧಾರವಾಡದ ಹಾರ್ಮೋನಿಯಂ

ಒಪ್ಪಿದೆ.

ಗಿಲ್‌ಮನ್

ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಬರ್ಕ್ಲಿಯ 924 ಗಿಲ್‌ಮನ್ ಎಂಬ ಜಾಗಕ್ಕೆ ಹೋಗುತ್ತಿದ್ದವನು. ರೆಕಾರ್ಡ್ ಕಂಪನಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸ್ವಯಂಸೇವಕರೇ ನಡೆಸುವ ಜಾಗ, ಮದ್ಯವಿಲ್ಲ. ಗ್ರೀನ್ ಡೇ ಎಂಬ ಪಂಕ್ ತಂಡ ಬೆಳೆದದ್ದು ಅಲ್ಲಿ. ಅವರು ದೊಡ್ಡ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಅಲ್ಲಿನ ನಿಯಮದ ಪ್ರಕಾರ ಅವರಿಗೇ ಬಾಗಿಲು ಮುಚ್ಚಿತು. 1994ರಲ್ಲಿ ಡೂಕಿ ಆಲ್ಬಂ ಬಂದು ಅವರು ಜಗತ್ಪ್ರಸಿದ್ಧರಾದರು, ಗಿಲ್‌ಮನ್‌ನ ತಮ್ಮ ಹಳೆಯ ಬಳಗಕ್ಕೆ ದ್ರೋಹಿಗಳಾದರು. ಪಂಕ್ ದ್ವೇಷಿಸುವವರಲ್ಲಿ ಒಂದು ದೊಡ್ಡ ಪಾಲು ಪಂಕ್ ಅಭಿಮಾನಿಗಳದ್ದೇ ಎಂಬುದು ನನ್ನ ಅನುಭವ. ಇದು ನಿಜವಾದ ಪಂಕ್ ಅಲ್ಲ, ಅದು ಮಾರಿಕೊಂಡದ್ದು, ಇವನು ನೇರ ಶ್ರುತಿಯಲ್ಲಿ ಹಾಡುತ್ತಾನೆ, ಹಾಗಾಗಿ ಅನುಮಾನ. ಅಂಗಳದಲ್ಲಿ ನಿಂತು ಕೇಳುವ ಹೊಸಬರಿಗೆ ಇವರ ಮಡಿವಂತಿಕೆಯೇ ದೊಡ್ಡ ಅಡ್ಡಿ. ಸಂಪ್ರದಾಯ ಬೇಡವೆಂದು ಹೊರಟವರಲ್ಲಿ ಇಷ್ಟು ಮಡಿ ನಾನು ಬೇರೆಲ್ಲೂ ಕಂಡಿಲ್ಲ.

ಮೈಸೂರಿನವರಿಗೆ ಇನ್ನೊಂದು, ತಂದೆಯಾಗಿ ಉಪಯೋಗಕ್ಕೆ ಬಂದೀತು. ಪಂಕ್ ಎಂದರೆ ಮಾದಕ ವಸ್ತು ಎಂಬ ಭಯವಿದ್ದರೆ ವಾಷಿಂಗ್ಟನ್ ಡಿಸಿಯ ಮೈನರ್ ಥ್ರೆಟ್ ಕೇಳಿ. ಕುಡಿಯುವುದಿಲ್ಲ, ಸೇದುವುದಿಲ್ಲ, ತಲೆ ನೆಟ್ಟಗಿರಲಿ ಎಂದು 1980ರ ದಶಕದ ಆರಂಭದಲ್ಲಿ ಹಾಡಿದ ಹುಡುಗರು. ಸ್ಟ್ರೇಟ್ ಎಡ್ಜ್ ಎಂಬ ಆ ಹಾಡಿನ ಉದ್ದ 46 ಸೆಕೆಂಡು. ಅದರ ಹೆಸರಿನಲ್ಲೇ ಒಂದು ಪಂಥ ಹುಟ್ಟಿಕೊಂಡಿತು. ಅದೇ ಊರಿನ ಬ್ಯಾಡ್ ಬ್ರೇನ್ಸ್ ಮೊದಲು ಜಾಝ್ ಫ್ಯೂಷನ್ ನುಡಿಸುತ್ತಿದ್ದ ಕಪ್ಪು ಯುವಕರ ತಂಡ. ಪಂಕ್‌ನವರಿಗೆ ನುಡಿಸಲು ಬಾರದು ಎನ್ನುವ ಹಳೆಕ್ಯಾಸೆಟ್ ಅವರು ಒಮ್ಮೆ ಅವರನ್ನು ಕೇಳಲಿ.

ಪ್ರಶ್ನೆ ಕೇಳಿದವರು, ಮೈಸೂರಿನಿಂದ

ಎಲ್ಲರಿಗೂ ಕೃತಜ್ಞತೆ. ಹೇಳಿದ್ದರಲ್ಲಿ ಕೆಲವನ್ನು ಕೇಳಿದೆ, ಇಯರ್‌ಫೋನ್ ಹಾಕಿಕೊಂಡೇ.

ರಮೋನ್ಸ್ ಎಡ ಬಲ ಬೇರೆ ಮಾಡಿ ಕೇಳಿದಾಗ ಆಟಿಕೆ ಬಿಚ್ಚಿ ನೋಡಿದ ಖುಷಿ ಸಿಕ್ಕಿತು. ಆದರೆ ಆಲ್ಬಂ ಪೂರ್ತಿ ಕೇಳಲು ಇನ್ನೂ ಆಗುತ್ತಿಲ್ಲ, ಅರಮನೆಮೈದಾನ ಅವರಂತೆ ನನಗೂ ಮೂರನೆಯದಕ್ಕೆ ಸಾಕಾಗುತ್ತದೆ. ಪಿಸ್ಟಲ್ಸ್ ಗಿಟಾರ್ ಮೆಚ್ಚಿದೆ, ಗಾಯಕನ ವ್ಯಂಗ್ಯದ ಎಳೆತ ಸಹಿಸಲಾರೆ. ಬಝ್‌ಕಾಕ್ಸ್‌ನ ಎರಡು ಸ್ವರದ ಸೋಲೋಗೆ ಜೋರಾಗಿ ನಕ್ಕೆ. ಪಕ್ಕದ ಕೋಣೆಯಿಂದ ಮಗಳು ಬಂದು ಏನಾಯಿತು ಎಂದು ಕೇಳಿದಳು. ಅಪ್ಪ ಪಂಕ್ ಕೇಳಿ ನಗುವುದು ಅವಳಿಗೆ ಮೆಚ್ಚುಗೆಯೋ ಅವಮಾನವೋ ತಿಳಿಯಲಿಲ್ಲ. ಪಾಲಿ ಸ್ಟೈರೀನ್ ಅವಳಿಗೆ ಗೊತ್ತಿರಲಿಲ್ಲ. ಈಗ ಅದನ್ನೇ ಹಾಕುತ್ತಿದ್ದಾಳೆ, ಮೊದಲಿಗಿಂತ ಜೋರಾಗಿ. ಯಾರಿಗೆ ಹೇಳಲಿ.

ನನಗೆ ಒಂದು ತಕರಾರು ಉಳಿದಿದೆ. ಲೀಡ್ಸ್‌ನವರು ಹೇಳಿದಂತೆ ಹಾಡುತ್ತಿರುವುದು ಯಾರು ಎಂದು ಕಿವಿ ಕೊಡಬೇಕಾದರೆ, ಅವರ ಕತೆ ಗೊತ್ತಿರಬೇಕು. ಮನ್ಸೂರರ ಕತೆ ಏನೂ ತಿಳಿಯದವನೂ ಅವರ ಗಾಯನದ ಮುಂದೆ ಕುಳಿತಲ್ಲೇ ಕರಗುತ್ತಾನೆ. ಕತೆಯಿಲ್ಲದೆ ನಿಲ್ಲಬಲ್ಲ ಒಂದು ಪಂಕ್ ಆಲ್ಬಂ ಹೇಳಿ.

ಮೂರನೇತಂತಿ

ದ ಕ್ಲ್ಯಾಶ್, ಲಂಡನ್ ಕಾಲಿಂಗ್, 1979. ರೆಗೇ, ಸ್ಕಾ, ಜಾಝ್, ಹಳೆಯ ರಾಕ್ ಅಂಡ್ ರೋಲ್ ಎಲ್ಲ ಬಂದು ಹೋಗುತ್ತವೆ. ಗಾಂಧಾರವೂ ಬೇಕಾದಷ್ಟಿದೆ. ಶೀರ್ಷಿಕೆ ಹಾಡಿನ ಬೇಸ್ ಗಿಟಾರನ್ನು ಮೊದಲು ಹಿಡಿದುಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ.

ಗಿಲ್‌ಮನ್

ಅದು ಒಳ್ಳೆಯ ಆಲ್ಬಂ, ಆದರೆ ಪಂಕ್ ಅಲ್ಲ. ಪಂಕ್ ಬೇಕಾದರೆ ಅವರ 1977ರ ಮೊದಲ ಆಲ್ಬಂ.

ಅರಮನೆಮೈದಾನ

ನೋಡಿ, ಮಡಿ ಶುರುವಾಯಿತು.

ಲೀಡ್ಸ್‌ನಿಂದ

ಎರಡನ್ನೂ ಕೇಳಿ. ಮೊದಲ ಆಲ್ಬಂನಲ್ಲಿ ಜಮೈಕಾದ ಜೂನಿಯರ್ ಮರ್ವಿನ್ ಅವರ ರೆಗೇ ಹಾಡೊಂದನ್ನು ಕ್ಲ್ಯಾಶ್ ತಮ್ಮ ಒರಟಿನಲ್ಲಿ ಹಾಡಿದ್ದಾರೆ. ಮೂಲವನ್ನೂ ಇದನ್ನೂ ಒಂದರ ಹಿಂದೆ ಒಂದು ಹಾಕಿ. ಒಂದೇ ರಾಗವನ್ನು ಎರಡು ಘರಾಣೆಯಲ್ಲಿ ಕೇಳಿ ಅಭ್ಯಾಸವಿರುವ ಮೈಸೂರಿನವರಿಗೆ ನನಗಿಂತ ಹೆಚ್ಚು ಕೇಳಿಸೀತು. ಲಂಡನ್ ಕಾಲಿಂಗ್ ಎರಡು ಎಲ್‌ಪಿಗಳ ಆಲ್ಬಂ. ಹುಡುಗರ ಕೈಗೆಟುಕಲಿ ಎಂದು ಕಂಪನಿಯೊಂದಿಗೆ ಹಟ ಹಿಡಿದು ಒಂದರ ಬೆಲೆಗೆ ಎರಡನ್ನೂ ಮಾರಿಸಿದರು.

ಹಳೆಕ್ಯಾಸೆಟ್

ಆ ಬೆಲೆಗೂ ನನಗೆ ಬೇಡ. ಬ್ಯಾಡ್ ಬ್ರೇನ್ಸ್ ಮಾತ್ರ ಹುಡುಕುತ್ತಿದ್ದೇನೆ. ಯಾವ ಆಲ್ಬಂ ಎಂದು ಗಿಲ್‌ಮನ್ ಅವರು ಹೇಳಲಿಲ್ಲ.

ಗಿಲ್‌ಮನ್

1982ರ ಮೊದಲನೆಯದು. ಹಳದಿ ಹೊದಿಕೆ, ಸಿಡಿಲು ಬಡಿದ ಅಮೆರಿಕದ ಸಂಸತ್ ಭವನದ ಚಿತ್ರ. ಮೊದಲು ಬಂದದ್ದೇ ಕ್ಯಾಸೆಟ್ಟಿನಲ್ಲಿ.